ಮುಸುರೆ ಡ್ರಮ್ಮು ಮತ್ತು ಹಂದಿ ಜ್ವರ

ಬೆಳಗ್ಗೆ ಐದೂವರೆ ಹೊತ್ತಿಗೆ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಹಿಂದಿನ ಓಣಿಗಳಲ್ಲಿ ಓಡಾಡಿದವರಿಗೆ ಈ ಗಾಡಿ ಗೊತ್ತಿರುತ್ತದೆ. ಟಿವಿಎಸ್ ಎಕ್ಸೆಲ್, ಎರಡೂ ಪಕ್ಕಕ್ಕೆ ಒಂದೊಂದು ನೀಲಿ ಡ್ರಮ್ಮು, ಡ್ರಮ್ಮಿನ ಬಾಯಿಗೆ ಗೋಣಿಚೀಲ. ಖಾನಾವಳಿ, ಬಿರಿಯಾನಿ ಹೋಟೆಲ್, ಕಲ್ಯಾಣ ಮಂಟಪ ಹೀಗೆ ಒಂದೊಂದು ಹಿತ್ತಲ ಬಾಗಿಲಲ್ಲೂ ನಿಂತು ರಾತ್ರಿಯ ಮುಸುರೆ ತುಂಬಿಸಿಕೊಂಡು ಹೋಗುತ್ತದೆ. ಅನ್ನ, ಸಾರು, ಹುಳಿ ಬಂದ ಹಿಟ್ಟು, ತರಕಾರಿ ಸಿಪ್ಪೆ, ಮೂಳೆ, ಬಾಳೆಎಲೆ. ಏಳು ಗಂಟೆಯೊಳಗೆ ಅದೆಲ್ಲ ಊರಾಚೆಯ ಹಂದಿ ದೊಡ್ಡಿ ಸೇರಿರುತ್ತದೆ.

ಒಮ್ಮೆ ಆ ಗಾಡಿಯ ಹಿಂದೆ ದೊಡ್ಡಿವರೆಗೂ ಹೋಗಿದ್ದೆ. ಶೀಟಿನ ಚಪ್ಪರ, ಸಿಮೆಂಟಿನ ನೆಲ, ಒಂದು ಮೂಲೆಯಲ್ಲಿ ಈದು ನಾಲ್ಕು ದಿನವಾಗಿದ್ದ ಹೆಣ್ಣು ಹಂದಿ. ಒಂಬತ್ತು ಮರಿ ಸಾಲಾಗಿ ಮಲಗಿ ಹಾಲು ಕುಡಿಯುತ್ತಿದ್ದವು. ದೊಡ್ಡಿಯವರು ಡ್ರಮ್ಮಿಗೆ ಮೊಣಕೈವರೆಗೆ ಕೈ ಇಳಿಸಿ ತಡಕಿದರು. ಪ್ಲಾಸ್ಟಿಕ್ ಚಮಚ, ಕಡ್ಡಿ, ಹಾಲಿನ ಕವರ್ ಒಂದೊಂದಾಗಿ ಹೊರಗೆ ಬಂದವು. ಮರಿಯ ಹೊಟ್ಟೆಗೆ ಪ್ಲಾಸ್ಟಿಕ್ ಹೋದರೆ ಬದುಕುವುದಿಲ್ಲ ಅಂತ ಅವರಿಗೆ ಗೊತ್ತು. ಹತ್ತು ನಿಮಿಷ ತಾಳ್ಮೆಯಿಂದ ಹುಡುಕಿ ತೆಗೆದು, ಆಮೇಲೆಯೇ ತೊಟ್ಟಿಗೆ ಸುರಿದರು.

ಪ್ಲಾಸ್ಟಿಕ್ ಚಮಚ ಕೈಗೆ ಸಿಗುತ್ತದೆ. ಆಫ್ರಿಕನ್ ಹಂದಿ ಜ್ವರದ ವೈರಸ್ ಕೈಗೆ ಸಿಗುವುದಿಲ್ಲ. ಇವತ್ತು ಹಂದಿ ಸಾಕುವವರ ಎದುರಿಗಿರುವ ದೊಡ್ಡ ಕಷ್ಟ ಇದೇ. ದಾವಣಗೆರೆ, ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ ಈ ರೋಗದ ಬಗ್ಗೆ ನಾವು ಮಾತಾಡುವ ರೀತಿಯೇ ಬದಲಾಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಒಂದೇ ಹೆಸರು, ಮೂರು ರೋಗ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಾವು 'ಹಂದಿ ಜ್ವರ' ಅಂತ ಒಂದೇ ಮಾತಿನಲ್ಲಿ ಹೇಳುವುದರೊಳಗೆ ಕನಿಷ್ಠ ಮೂರು ಬೇರೆ ಬೇರೆ ರೋಗಗಳಿವೆ.

2009ರಲ್ಲಿ ಜಗತ್ತಿಗೆಲ್ಲ ಹರಡಿದ್ದು ಎಚ್1ಎನ್1. ಅದು ಫ್ಲೂ. ಮನುಷ್ಯರಿಂದ ಮನುಷ್ಯರಿಗೆ ಕೆಮ್ಮು, ಸೀನಿನಿಂದ ಅಂಟುತ್ತಿತ್ತು. ಪತ್ರಿಕೆಗಳಲ್ಲಿ 'ಹಂದಿ ಜ್ವರ' ಅಂತ ಬಂದದ್ದೇ ತಡ, ನಮ್ಮೂರುಗಳಲ್ಲೂ ಬೀದಿ ಹಂದಿಗಳನ್ನು ಓಡಿಸಿ ಅನ್ನುವ ಕೂಗು ಎದ್ದಿತು. ಈಜಿಪ್ಟ್ ದೇಶ ಇನ್ನೂ ಮುಂದೆ ಹೋಯಿತು. ಅಲ್ಲಿ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಸರ್ಕಾರವೇ ಆದೇಶ ಮಾಡಿತು. ಆ ಹಂದಿಗಳನ್ನು ಸಾಕುತ್ತಿದ್ದವರು ಕೈರೋ ನಗರದ ಕಸ ಎತ್ತುವ ಬಡವರು. ಊರಿನ ಹಸಿ ಕಸವನ್ನೆಲ್ಲ ಆ ಹಂದಿಗಳು ತಿನ್ನುತ್ತಿದ್ದವು. ಹಂದಿ ಹೋದ ಮೇಲೆ ಕೈರೋದ ಬೀದಿಗಳಲ್ಲಿ ಕಸ ರಾಶಿ ಬಿದ್ದು ಕೊಳೆಯಿತು. ಫ್ಲೂ ಮಾತ್ರ ನಿಲ್ಲಲಿಲ್ಲ. ಅದು ಹರಡುತ್ತಿದ್ದುದು ಜನರಿಂದ ಅಲ್ವಾ?

ಎರಡನೆಯದು ಕ್ಲಾಸಿಕಲ್ ಹಂದಿ ಜ್ವರ. ಇದು ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಇರುವ ರೋಗ. ಹಂದಿಗೆ ಮಾತ್ರ ಬರುತ್ತದೆ. ಇದಕ್ಕೆ ಲಸಿಕೆ ಇದೆ. ಮೊಲದಲ್ಲಿ ಬೆಳೆಸಿದ ಹಳೆಯ ಲಸಿಕೆ ದಶಕಗಳಿಂದ ಬಳಕೆಯಲ್ಲಿದೆ. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಜೀವಕೋಶದಲ್ಲಿ ಬೆಳೆಸಿದ ಹೊಸ ಲಸಿಕೆ 2020ರಲ್ಲಿ ಬಿಡುಗಡೆ ಆಯಿತು.

ಮೂರನೆಯದು ಈ ಲೇಖನದ ವಿಷಯ, ಆಫ್ರಿಕನ್ ಹಂದಿ ಜ್ವರ. ಹೆಸರಿನಲ್ಲಿ ಎರಡನೆಯದರ ಹತ್ತಿರದ ನೆಂಟನ ಹಾಗೆ ಕಾಣುತ್ತದೆ. ಆದರೆ ವೈರಸ್ ಪೂರ್ತಿ ಬೇರೆ. ಅದರ ಕುಟುಂಬದಲ್ಲಿ ಅದೊಂದೇ ಇರುವುದು. ಕ್ಲಾಸಿಕಲ್ ಜ್ವರದ ಲಸಿಕೆ ಇದಕ್ಕೆ ಒಂಚೂರೂ ಕೆಲಸ ಮಾಡುವುದಿಲ್ಲ. ಲಸಿಕೆ ಹಾಕಿಸಿದ್ದೆ, ಆದರೂ ಹಂದಿ ಸತ್ತವು ಅಂತ ಸಾಕುವವರು ಬೇಸರ ಮಾಡಿಕೊಳ್ಳುವುದುಂಟು. ಅವರ ಲಸಿಕೆಯಲ್ಲಿ ದೋಷ ಇಲ್ಲ, ಬಂದ ರೋಗ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅನುಭವಿ ಪಶುವೈದ್ಯರಿಗೂ ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ, ಲ್ಯಾಬ್ ಪರೀಕ್ಷೆಯೇ ಆಗಬೇಕು.

ಇದರ ಜೊತೆಗೆ ಮೆದುಳು ಜ್ವರವನ್ನೂ ಸೇರಿಸಿ ಮಾತಾಡುವವರಿದ್ದಾರೆ. ಅದರಲ್ಲಿ ಹಂದಿಯ ಪಾತ್ರ ಇರುವುದು ನಿಜ. ಆ ವೈರಸ್ ಹಂದಿಯ ಮೈಯಲ್ಲಿ ಹೆಚ್ಚುತ್ತದೆ, ಗದ್ದೆ ನೀರಿನಲ್ಲಿ ಹುಟ್ಟುವ ಸೊಳ್ಳೆ ಅದನ್ನು ಮಕ್ಕಳಿಗೆ ತಲುಪಿಸುತ್ತದೆ. ಭದ್ರಾ ಕಾಲುವೆಯ ಭತ್ತದ ಸೀಮೆಯವರು ಅದರ ಬಗ್ಗೆ ಎಚ್ಚರ ಇಟ್ಟುಕೊಳ್ಳಲೇಬೇಕು. ಆದರೆ ಅದು ಬೇರೆಯದೇ ಕಥೆ.

ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರುವುದಿಲ್ಲ. ದನ, ಕುರಿ, ಕೋಳಿ, ನಾಯಿಗೂ ಬರುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಯಾಕೆಂದರೆ ಹೆದರಿದ ಊರು ಮೊದಲು ಬೈಯುವುದು ಹಂದಿ ಸಾಕುವವರನ್ನು. ಬೈಸಿಕೊಂಡವರು ರೋಗ ಮುಚ್ಚಿಡುತ್ತಾರೆ. ರೋಗಕ್ಕೆ ಬೇಕಾಗಿರುವುದೂ ಅದೇ.

ದೊಡ್ಡಿಯೊಳಗೆ ಏನಾಗುತ್ತದೆ

ವೈರಸ್ ಒಳಹೊಕ್ಕ ಕೆಲವು ದಿನಗಳಿಂದ ಎರಡು ವಾರದೊಳಗೆ ಹಂದಿ ಮಂಕಾಗುತ್ತದೆ. ಮೇವು ಬಿಡುತ್ತದೆ. ಜ್ವರ 41, 42 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತದೆ. ಒಂದರ ಮೇಲೊಂದು ಒತ್ತಿಕೊಂಡು ಮಲಗುತ್ತವೆ. ಬಿಳಿ ಹಂದಿಯಾದರೆ ಕಿವಿಯ ತುದಿ, ಹೊಟ್ಟೆಯ ಕೆಳಗೆ, ತೊಡೆಯ ಒಳಭಾಗ ಕೆಂಪಾಗಿ, ಆಮೇಲೆ ನೇರಳೆ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ನಮ್ಮ ಕಡೆಯ ಕರಿ ಹಂದಿಯಲ್ಲಿ ಈ ಬಣ್ಣ ಗೊತ್ತೇ ಆಗುವುದಿಲ್ಲ. ಕೆಲವಕ್ಕೆ ಮೂಗಿನಿಂದ ರಕ್ತ, ಕೆಲವಕ್ಕೆ ರಕ್ತಭೇದಿ. ಗಬ್ಬದ ಹಂದಿ ಕಂದು ಹಾಕುತ್ತದೆ. ಕೆಲವು ಯಾವ ಲಕ್ಷಣವನ್ನೂ ತೋರಿಸದೆ ಬೆಳಗಾಗುವುದರೊಳಗೆ ಸತ್ತಿರುತ್ತವೆ. ತೀವ್ರ ತಳಿಯ ವೈರಸ್ ಬಂದರೆ ದೊಡ್ಡಿಗೆ ದೊಡ್ಡಿಯೇ ಖಾಲಿ. ನೂರಕ್ಕೆ ನೂರು ಸಾಯುವುದೂ ಉಂಟು.

ಸಾಯಿಸುವುದಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಇದರ ಆಯಸ್ಸು. ಕೊರೊನಾ ವೈರಸ್ಸಿಗೆ ಸೋಪು ನೀರು ಸಾಕಿತ್ತು ಅಂತ ನಮಗೆಲ್ಲ ನೆನಪಿದೆ. ಇದು ಆ ಜಾತಿಯದಲ್ಲ. ಹೆಪ್ಪುಗಟ್ಟಿಸಿದ ಮಾಂಸದಲ್ಲಿ ವರ್ಷಗಟ್ಟಲೆ ಇರುತ್ತದೆ. ಉಪ್ಪು ಹಚ್ಚಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ. ತಣ್ಣಗಿಟ್ಟ ರಕ್ತದಲ್ಲಿ ಒಂದೂವರೆ ವರ್ಷ ಇದ್ದದ್ದೂ ದಾಖಲಾಗಿದೆ. ಬೂಟಿಗೆ, ಟೆಂಪೋ ಚಕ್ರಕ್ಕೆ, ತೂಕದ ಬುಟ್ಟಿಗೆ, ಹಂದಿ ಹಿಡಿಯುವ ಹಗ್ಗಕ್ಕೆ ಅಂಟಿಕೊಂಡು ಪ್ರಯಾಣ ಮಾಡುತ್ತದೆ. ಮಾಂಸದೊಳಗೆ ಸೇರಿದ್ದು ಚೆನ್ನಾಗಿ ಕಾಯಿಸಿದರೆ ಮಾತ್ರ ಸಾಯುತ್ತದೆ. ಮಾಂಸದ ಒಳಗೆಲ್ಲ 70 ಡಿಗ್ರಿ ಬಿಸಿ ಅರ್ಧ ಗಂಟೆ ತಾಗಬೇಕು.

ಇಷ್ಟು ಗೊತ್ತಾದರೆ ಅದು ಜಗತ್ತು ಸುತ್ತಿದ ಬಗೆ ಅರ್ಥವಾಗುತ್ತದೆ. 1921ರಲ್ಲಿ ಕೀನ್ಯಾದಿಂದ ಇದರ ಮೊದಲ ವರದಿ ಬಂತು. ಅಲ್ಲಿನ ಕಾಡುಹಂದಿ ಜಾತಿಗಳು ಈ ವೈರಸ್ ಇಟ್ಟುಕೊಂಡೇ ಆರಾಮಾಗಿದ್ದವು. ಹೊರಗಿನಿಂದ ತಂದ ಸಾಕು ಹಂದಿಗಳು ಮಾತ್ರ ಸಾಯುತ್ತಿದ್ದವು. 1957ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ಗೆ ಬಂತು. ವಿಮಾನದಲ್ಲಿ ಉಳಿದ ಊಟವನ್ನು ನಿಲ್ದಾಣದ ಹತ್ತಿರದ ಹಂದಿಗಳಿಗೆ ಹಾಕಿದ್ದೇ ಕಾರಣ ಅನ್ನುತ್ತಾರೆ. 2007ರಲ್ಲಿ ಜಾರ್ಜಿಯಾ ದೇಶದ ಪೋಟಿ ಬಂದರಿಗೆ ಬಂತು. ಅಲ್ಲಿಯೂ ಹಡಗಿನಿಂದ ಇಳಿದ ಎಂಜಲಿನ ಮೇಲೆಯೇ ಅನುಮಾನ. ಅಲ್ಲಿಂದ ರಷ್ಯಾ, ಪೂರ್ವ ಯುರೋಪ್. 2018ರ ಆಗಸ್ಟ್‌ನಲ್ಲಿ ಚೀನಾ. ಒಂದು ವರ್ಷದೊಳಗೆ ಚೀನಾದ ಹಂದಿಗಳ ಸಂಖ್ಯೆ ಸುಮಾರು ಶೇ 40ರಷ್ಟು ಕುಸಿಯಿತು. ಭಾರತದಲ್ಲಿ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶದಲ್ಲಿ ಮೊದಲು ಗೊತ್ತಾಯಿತು. ಮರುವರ್ಷ ಪುಟ್ಟ ಮಿಜೋರಾಂ ಒಂದರಲ್ಲೇ 33 ಸಾವಿರಕ್ಕೂ ಜಾಸ್ತಿ ಹಂದಿ ಸತ್ತವು. 2022ರ ಜುಲೈನಲ್ಲಿ ಕೇರಳದ ವಯನಾಡು, ಅದೇ ವರ್ಷ ನಮ್ಮ ಕೊಡಗು. 2025ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ.

ಚಿಕ್ಕಬಳ್ಳಾಪುರದಿಂದ ಬೆಂಗಳೂರು, ಬೆಂಗಳೂರಿನಿಂದ ಹೆದ್ದಾರಿ 48 ಹಿಡಿದರೆ ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ. ಒಂದು ಗೂಡ್ಸ್ ಗಾಡಿಗೆ ಒಂದು ರಾತ್ರಿಯ ದಾರಿ ಅಷ್ಟೇ.

ಡ್ರಮ್ಮಿನೊಳಗೆ ಏನಿದೆ ಅನ್ನುವ ಪ್ರಶ್ನೆ

ಈಗ ಮುಸುರೆಗೆ ಬರೋಣ. ಲಿಸ್ಬನ್, ಪೋಟಿ ಎರಡೂ ಕಡೆ ಬಾಗಿಲು ತೆರೆದದ್ದು ಎಂಜಲು. ಹಾಗಾದರೆ ಮುಸುರೆ ನಿಲ್ಲಿಸಿಬಿಡಿ ಅಂತ ಹೇಳುವುದು ಸುಲಭ. ಬಹಳ ಸಲಹೆಗಳು ಅಲ್ಲಿಗೇ ಮುಗಿಯುತ್ತವೆ. ಆದರೆ ದೊಡ್ಡಿಯ ಲೆಕ್ಕ ಅಷ್ಟು ಸರಳವಾಗಿಲ್ಲ. ಹಂದಿ ಸಾಕಣೆಯ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದೇ. ನಮ್ಮ ಜಿಲ್ಲೆ ಮೆಕ್ಕೆಜೋಳದ ಜಿಲ್ಲೆ, ರೈಸ್ ಮಿಲ್ಲುಗಳ ಊರು. ತೌಡಿಗೆ, ಜೋಳಕ್ಕೆ ಬರವಿಲ್ಲ. ಆದರೂ ಹತ್ತು ಹದಿನೈದು ಹಂದಿ ಇಟ್ಟವರು ಅದನ್ನು ಕೊಂಡು ಹಾಕಿ ಲಾಭ ನೋಡಲು ಆಗುವುದಿಲ್ಲ. ಅವರ ಬದುಕು ನಿಂತಿರುವುದು ಆ ನೀಲಿ ಡ್ರಮ್ಮುಗಳ ಮೇಲೆ.

ಊರಿನ ಬದುಕೂ ಅದರ ಮೇಲೆ ನಿಂತಿದೆ ಅನ್ನುವುದನ್ನು ನಾವು ಮರೆಯುತ್ತೇವೆ. ಮದುವೆ ಸೀಸನ್ನಿನಲ್ಲಿ ದಾವಣಗೆರೆಯ ಒಂದು ಕಲ್ಯಾಣ ಮಂಟಪದಿಂದ ಒಂದು ದಿನಕ್ಕೆ ಎಷ್ಟು ಊಟ ಹೊರಗೆ ಬೀಳುತ್ತದೆ ಅಂತ ಹಿಂದಿನ ಗೇಟಿನಲ್ಲಿ ನಿಂತು ನೋಡಿದವರಿಗೆ ಗೊತ್ತು. ಆ ಗಾಡಿಗಳು ಒಂದು ವಾರ ಬರಲಿಲ್ಲ ಅಂದರೆ ಕೈರೋದ ಕಥೆ ನಮ್ಮ ಓಣಿಗಳಲ್ಲೂ ಸಣ್ಣದಾಗಿ ಶುರುವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ವೈರಸ್ ಬರುವುದು ಹಂದಿಯ ಮಾಂಸ, ರಕ್ತ, ಮೂಳೆಯಿಂದ. ಅನ್ನ ಸಾರಿನಿಂದ ಅದು ಹುಟ್ಟಿಕೊಳ್ಳುವುದಿಲ್ಲ. ನಮ್ಮ ಕಲ್ಯಾಣ ಮಂಟಪಗಳ ಊಟ ಹೆಚ್ಚಾಗಿ ಸಸ್ಯಾಹಾರ. ಹೋಳಿಗೆ, ಅನ್ನ, ಪಲ್ಯ ಉಳಿದದ್ದರಲ್ಲಿ ಆಫ್ರಿಕನ್ ಹಂದಿ ಜ್ವರದ ಅಪಾಯ ತೀರಾ ಕಡಿಮೆ. ಹಾಗಾದರೆ ಭಯ ಯಾಕೆ? ಡ್ರಮ್ಮು ಒಂದೇ ಆಗಿರುವುದರಿಂದ. ಮಂಟಪದ ಅನ್ನ ತುಂಬಿದ ಡ್ರಮ್ಮಿಗೇ ಮುಂದಿನ ತಿರುವಿನಲ್ಲಿ ಮಾಂಸದಂಗಡಿಯ ಚೂರು ಬೀಳುತ್ತದೆ. ಹೆದ್ದಾರಿ ಬದಿಯ ಡಾಬಾದಲ್ಲಿ ಯಾವ ಊರಿನಿಂದ ಬಂದ ಹಂದಿ ಮಾಂಸ ಬೇಯುತ್ತದೋ ಯಾರಿಗೆ ಗೊತ್ತು? ಅದೇ ಗಾಡಿ ಎರಡು ಮೂರು ದೊಡ್ಡಿಗಳಿಗೆ ಹಂಚಿಕೊಂಡು ಹೋಗುತ್ತದೆ. ಒಂದು ದೊಡ್ಡಿಯ ನೆಲದ ಕೆಸರು ಇನ್ನೊಂದು ದೊಡ್ಡಿಗೆ ಚಕ್ರದಲ್ಲಿ ಬರುತ್ತದೆ.

ಹಾಗಾಗಿ ನನಗೆ ಸರಿ ಅನ್ನಿಸುವ ದಾರಿ ಇದು. ಮುಸುರೆಯನ್ನೇ ನಿಷೇಧಿಸಿ ಕಳ್ಳದಾರಿಗೆ ತಳ್ಳುವ ಬದಲು ಅದನ್ನು ಬೇರೆ ಮಾಡಬೇಕು, ಬೇಯಿಸಬೇಕು. ಸಸ್ಯಾಹಾರದ ಡ್ರಮ್ಮು ಬೇರೆ, ಮಾಂಸದ ಕಸ ಬೇರೆ. ಮಾಂಸದ್ದು ಹಂದಿಗೆ ಹೋಗಲೇಬಾರದು. ಹೋಟೆಲಿನವರು ಹಿತ್ತಲಲ್ಲಿ ಎರಡು ಬಕೆಟ್ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಒಲೆಯ ಮೇಲೆ. ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆ ಮುಸುರೆಗೆ ಹೇಳುವ ಅಳತೆ 90 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆ, ನಡುನಡುವೆ ಬಿಡದೆ ಕದಡುತ್ತಿರಬೇಕು. ಮೇಲೆ ಕುದಿ ಬಂತು ಅಂತ ಇಳಿಸಿದರೆ ತಳದ ಮೂಳೆಯೊಳಗೆ ಬಿಸಿ ತಾಗಿರುವುದಿಲ್ಲ. ಬೇಯಿಸಿದ್ದನ್ನು ಮತ್ತೆ ಅದೇ ಹಸಿ ಡ್ರಮ್ಮಿಗೆ ಸುರಿದರೆ ಬೇಯಿಸಿದ್ದೂ ಸುಮ್ನೆ ಆಗುತ್ತದೆ.

ಬೀದಿಯ ಹಂದಿ ಯಾರದು?

ನಮ್ಮ ಕಡೆ ಹಂದಿ ಎರಡು ಥರ. ಒಂದು ಫಾರ್ಮಿನ ಹಂದಿ. ಯಾರ್ಕ್‌ಶೈರ್, ಲ್ಯಾಂಡ್ರೇಸ್, ಡ್ಯುರಾಕ್. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು, 10 ಗಂಡು ಹಂದಿಯ ಘಟಕಕ್ಕೆ ಖರ್ಚಿನ ಅರ್ಧದಷ್ಟು, ಗರಿಷ್ಠ 30 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆ. ಓದಿದ ಹುಡುಗರು ಸಾಲ ಮಾಡಿ ಈ ಕಸುಬಿಗೆ ಇಳಿಯುತ್ತಿದ್ದಾರೆ. ಅವರಿಗೆ ಬೇಲಿ ಇದೆ, ಗೇಟಿನಲ್ಲಿ ಸುಣ್ಣದ ನೀರಿನ ತೊಟ್ಟಿ ಇದೆ, ವೈದ್ಯರ ನಂಬರ್ ಇದೆ.

ಇನ್ನೊಂದು ಬೀದಿಯ ಹಂದಿ. ಚರಂಡಿ, ಖಾಲಿ ಸೈಟು, ಕಸದ ತೊಟ್ಟಿ ಅದರ ಮೇವಿನ ಜಾಗ. ನೋಡುವವರಿಗೆ ಅದು ಯಾರದೂ ಅಲ್ಲದ ಹಂದಿ. ನಿಜದಲ್ಲಿ ಪ್ರತಿಯೊಂದಕ್ಕೂ ಒಬ್ಬ ಮಾಲೀಕ ಇರುತ್ತಾರೆ, ಕಿವಿಯ ಕತ್ತರಿ ಗುರುತಿನಿಂದಲೋ ಬಾಲದಿಂದಲೋ ತಮ್ಮದನ್ನು ಅವರು ಗುರುತಿಸುತ್ತಾರೆ. ಕೊರಚ, ಕೊರಮ, ಹಂದಿ ಜೋಗಿ ಸಮುದಾಯಗಳ ಬಹಳ ಮನೆಗಳು ತಲೆಮಾರುಗಳಿಂದ ಹಂದಿ ಸಾಕಿಕೊಂಡು ಬಂದಿವೆ. ಕೈಯಲ್ಲಿ ಜಮೀನಿಲ್ಲದವರಿಗೆ ಹಂದಿಯೇ ಬ್ಯಾಂಕು. ಮಗಳ ಮದುವೆ, ಆಸ್ಪತ್ರೆ ಖರ್ಚು, ಶಾಲೆ ಫೀಸು ಬಂದಾಗ ಎರಡು ಹಂದಿ ಹೋಗುತ್ತವೆ. ಹೆಣ್ಣು ಹಂದಿಯ ಗಬ್ಬ ಮೂರು ತಿಂಗಳು, ಮೂರು ವಾರ, ಮೂರು ದಿನ. ಒಂದು ಸೂಲಿಗೆ ಎಂಟು ಹತ್ತು ಮರಿ. ಇಷ್ಟು ಬೇಗ ಬೆಳೆಯುವ ಆಸ್ತಿ ಬಡವರ ಮನೆಯಲ್ಲಿ ಇನ್ನೊಂದಿಲ್ಲ.

ಪರವಾನಗಿ ಇಲ್ಲದೆ ಊರೊಳಗೆ ಬಿಟ್ಟಿದ್ದಾರೆ ಅನ್ನುವ ಕಾರಣಕ್ಕೆ ಅವರು ಯಾವಾಗಲೂ ಅಳುಕಿನಲ್ಲೇ ಇರುತ್ತಾರೆ. ಆಗಾಗ ಹಂದಿ ಹಿಡಿಯುವ ಕಾರ್ಯಾಚರಣೆ, ಜಗಳ. ಹಾಗಾಗಿ ಹಂದಿ ಸತ್ತಾಗ ಮಾಲೀಕರು ಮುಂದೆ ಬರುವುದಿಲ್ಲ. ನಾನು ನಿಟುವಳ್ಳಿ ಕಡೆಯ ಒಂದು ಓಣಿಯಲ್ಲಿ ನೋಡಿದ್ದೇನೆ. ಚರಂಡಿ ಪಕ್ಕ ಊದಿಕೊಂಡ ಕರಿ ಹಂದಿ, ಮೂಗಿನ ಹತ್ತಿರ ಒಣಗಿದ ರಕ್ತ, ಸುತ್ತ ನೊಣ. ಪೌರಕಾರ್ಮಿಕರು ಕಾಲಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿಗೆ ಎಳೆದು ಹಾಕಿದರು. ಅವರ ಕೈಗೆ ಗ್ಲೌಸ್ ಇರಲಿಲ್ಲ. ಎಳೆದ ದಾರಿಯುದ್ದಕ್ಕೂ ನೆಲದ ಮೇಲೆ ಕಪ್ಪು ಗೆರೆ ಉಳಿಯಿತು. ಆ ಹಂದಿ ಯಾಕೆ ಸತ್ತಿತು ಅಂತ ಯಾರೂ ಕೇಳಲಿಲ್ಲ. ವಿಷ ಇರಬಹುದು, ಗಾಡಿ ಗುದ್ದಿರಬಹುದು, ಬೇರೆ ಏನೋ ಇರಬಹುದು. ಪರೀಕ್ಷೆ ಮಾಡದೆ ಹೂತ ಹಂದಿ ಏನನ್ನೂ ಹೇಳುವುದಿಲ್ಲ.

ಇಟಲಿಯ ಸಾರ್ಡೀನಿಯಾ ದ್ವೀಪದ ಉದಾಹರಣೆ ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಅಲ್ಲಿಗೆ ಈ ರೋಗ 1978ರಲ್ಲಿ ಬಂತು. ಸ್ಪೇನ್, ಪೋರ್ಚುಗಲ್ ಕಷ್ಟಪಟ್ಟು ರೋಗ ಕಳೆದುಕೊಂಡ ಮೇಲೂ ಸಾರ್ಡೀನಿಯಾದಲ್ಲಿ ಅದು ಹೋಗಲೇ ಇಲ್ಲ. ಕಾರಣ, ಬೆಟ್ಟದ ಸಾಮೂಹಿಕ ಜಮೀನಿನಲ್ಲಿ ಬಿಟ್ಟು ಸಾಕುವ, ಯಾವ ದಾಖಲೆಯಲ್ಲೂ ಇಲ್ಲದ ಹಂದಿಗಳು. ಅವು ಕಾಡುಹಂದಿಯ ಜೊತೆ ಬೆರೆಯುತ್ತಿದ್ದವು. ದಂಡ, ದಾಳಿ ಎಷ್ಟೋ ವರ್ಷ ನಡೆದವು. ಬಿಟ್ಟ ಹಂದಿಗಳನ್ನು ಕಾಡಿನಿಂದ ತೆಗೆಯುವ ಜೊತೆಗೆ ಸಾಕುವವರು ನೋಂದಣಿಯಾಗಿ ಬೇಲಿಯೊಳಗೆ ಬಂದರೆ ಅವರಿಗೂ ಅನುಕೂಲ ಆಗುವಂತೆ ಮಾಡಿದ ಮೇಲೆಯೇ ಲೆಕ್ಕ ಬದಲಾಯಿತು. ಯುರೋಪ್ ಒಕ್ಕೂಟ ಸಾರ್ಡೀನಿಯಾದ ಮೇಲಿನ ನಿರ್ಬಂಧ ತೆಗೆದದ್ದು 2024ರಲ್ಲಿ. 46 ವರ್ಷ!

ದಾವಣಗೆರೆಯ ಬೀದಿ ಹಂದಿಗೂ ಇದೇ ಪಾಠ ಹೊಂದುತ್ತದೆ. ಅವು ಬೀದಿಯಲ್ಲಿ ಇರಬಾರದು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಮಕ್ಕಳ ಆರೋಗ್ಯಕ್ಕೂ ಒಳ್ಳೆಯದಲ್ಲ, ಹಂದಿಗೂ ಒಳ್ಳೆಯದಲ್ಲ. ಆದರೆ ಬೀದಿಯಿಂದ ಎತ್ತಿದ ಹಂದಿ ಎಲ್ಲಿಗೆ ಹೋಗಬೇಕು? ಊರಾಚೆ ಜಾಗ, ನೀರು, ಸಾಲಾಗಿ ಗೂಡು ಕಟ್ಟಿಕೊಟ್ಟರೆ ಸಾಕುವವರು ಖುಷಿಯಿಂದ ಹೋಗುತ್ತಾರೆ. ಜಾಗ ಕೊಡದೆ ಓಡಿಸಿದರೆ ರಾತ್ರೋರಾತ್ರಿ ಪಕ್ಕದ ಊರಿಗೆ ಹೋಗುತ್ತವೆ. ರೋಗ ಇದ್ದರೆ ಅದೂ ಜೊತೆಗೇ ಹೋಗುತ್ತದೆ.

ಮೊದಲ ಹಂದಿ ಸತ್ತ ದಿನ

ಇಡೀ ವಿಷಯದ ಕೀಲಿ ಇರುವುದು ಇಲ್ಲಿ ಅಂತ ನನ್ನ ನಂಬಿಕೆ. ಈ ರೋಗಕ್ಕೆ ನಮ್ಮಲ್ಲಿ ಬಳಸಲು ಲಸಿಕೆ ಇಲ್ಲ, ಔಷಧಿ ಇಲ್ಲ. ಇರುವ ಅಸ್ತ್ರ ಒಂದೇ. ಬೇಗ ಗೊತ್ತುಮಾಡಿಕೊಂಡು ಅಲ್ಲೇ ನಿಲ್ಲಿಸುವುದು. ಬೇಗ ಗೊತ್ತಾಗುವುದು ಹೇಗೆ? ಮೊದಲ ಹಂದಿ ಸತ್ತ ದಿನ ಸಾಕುವವರು ಫೋನ್ ಮಾಡಿದರೆ.

ಫೋನ್ ಮಾಡಿದ ಮೇಲೆ ಏನಾಗುತ್ತದೆ ಅಂತ ನೋಡಿ. ಪಶುವೈದ್ಯರು ಬಂದು ರಕ್ತ, ಗುಲ್ಮದ ಮಾದರಿ ತೆಗೆಯುತ್ತಾರೆ. ಅದು ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಹೋಗುತ್ತದೆ. ರೋಗ ಖಚಿತ ಮಾಡುವುದು ಭೋಪಾಲಿನ ರಾಷ್ಟ್ರೀಯ ಉನ್ನತ ಸುರಕ್ಷಾ ಪ್ರಾಣಿ ರೋಗ ಸಂಸ್ಥೆ. ದಾವಣಗೆರೆಯಿಂದ ರಸ್ತೆಯಲ್ಲಿ ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಖಚಿತವಾದರೆ 2020ರ ರಾಷ್ಟ್ರೀಯ ಕ್ರಿಯಾ ಯೋಜನೆ ಜಾರಿಗೆ ಬರುತ್ತದೆ. ರೋಗ ಕಂಡ ಜಾಗದಿಂದ 1 ಕಿಲೋಮೀಟರ್ ಸುತ್ತ ಇರುವ ಎಲ್ಲ ಹಂದಿಗಳನ್ನು ಕೊಂದು ಹೂಳಬೇಕು. ರೋಗ ಇದ್ದದ್ದೂ, ಇಲ್ಲದ್ದೂ. 10 ಕಿಲೋಮೀಟರ್‌ವರೆಗೆ ಕಣ್ಗಾವಲು. ಹಂದಿ, ಮಾಂಸ ಯಾವುದರ ಸಾಗಾಟವೂ ಇಲ್ಲ. ದಾವಣಗೆರೆ ನಗರದ ಪಶ್ಚಿಮದ ಅಂಚಿನಲ್ಲಿ ರೋಗ ಕಂಡರೆ ಆ 10 ಕಿಲೋಮೀಟರಿನ ಗೆರೆ ಹರಿಹರದವರೆಗೂ ಚಾಚುತ್ತದೆ.

ಅಂದರೆ ಒಬ್ಬರು ಪ್ರಾಮಾಣಿಕವಾಗಿ ಫೋನ್ ಮಾಡಿದ ತಪ್ಪಿಗೆ ಅವರ ಹಂದಿ ಮಾತ್ರ ಹೋಗುವುದಿಲ್ಲ. ಅಕ್ಕಪಕ್ಕದವರ, ನೆಂಟರ ಹಂದಿಗಳೂ ಹೋಗುತ್ತವೆ. ಬೀದಿಯೆಲ್ಲ ಅವರನ್ನೇ ಬೈಯುತ್ತದೆ. ಇಷ್ಟು ಭಾರ ಹೊರಲು ಅವರಿಗೆ ಧೈರ್ಯ ಬರಬೇಕಾದರೆ ಪರಿಹಾರ ಗಟ್ಟಿಯಾಗಿರಬೇಕು.

ಪರಿಹಾರ ಇದೆ. ಕೇಂದ್ರ, ರಾಜ್ಯ ಅರ್ಧರ್ಧ ಕೊಡುತ್ತವೆ. ವಯನಾಡಿನಲ್ಲಿ ಹಂದಿ ಕೊಂದಾಗ ಬಳಸಿದ ದರ ಹೀಗಿತ್ತು: 15 ಕೆಜಿವರೆಗಿನ ಮರಿಗೆ 2,200 ರೂಪಾಯಿ, 40 ಕೆಜಿವರೆಗೆ 5,800, 70 ಕೆಜಿವರೆಗೆ 8,400, 100 ಕೆಜಿವರೆಗೆ 12,000, ಅದಕ್ಕೂ ಮೇಲಿನದಕ್ಕೆ 15,000. ಓದುವಾಗ ಪರವಾಗಿಲ್ಲ ಅನ್ನಿಸಬಹುದು. ಆದರೆ ಒಂದು ಗಟ್ಟಿ ಶರತ್ತಿದೆ. ಈ ಹಣ ಸರ್ಕಾರ ಕೊಂದ ಹಂದಿಗೆ ಮಾತ್ರ. ರೋಗದಿಂದ ಸತ್ತ ಹಂದಿಗೆ ಇಲ್ಲ.

ಈ ಶರತ್ತಿನ ಹಿಂದೆ ಒಂದು ಯೋಚನೆ ಇದೆ. ಬೇಗ ತಿಳಿಸಿದವರಿಗೆ ಜಾಸ್ತಿ ಹಂದಿಗೆ ಹಣ ಸಿಗುತ್ತದೆ, ಹಾಗಾಗಿ ಬೇಗ ತಿಳಿಸುತ್ತಾರೆ ಅನ್ನುವ ಲೆಕ್ಕ. ಕಾಗದದ ಮೇಲೆ ಸರಿಯಾಗಿದೆ. ದೊಡ್ಡಿಯಲ್ಲಿ ನಿಂತು ನೋಡಿದರೆ ಬೇರೆ. ಮೂರು ಹಂದಿ ಮಂಕಾಗಿವೆ. ಫೋನ್ ಮಾಡಿ, ಮಾದರಿ ಭೋಪಾಲಿಗೆ ಹೋಗಿ, ಉತ್ತರ ಬರುವಷ್ಟರಲ್ಲಿ ಅರ್ಧ ದೊಡ್ಡಿ ಸತ್ತಿರುತ್ತದೆ. ಸತ್ತದ್ದಕ್ಕೆ ಏನೂ ಇಲ್ಲ. ಉಳಿದದ್ದಕ್ಕೆ ಎಷ್ಟು ತಿಂಗಳಿಗೆ ಹಣ ಬರುತ್ತದೋ ಗೊತ್ತಿಲ್ಲ. ಇತ್ತ ವ್ಯಾಪಾರಿ ಬಾಗಿಲಲ್ಲೇ ನಿಂತು ಅರ್ಧ ಬೆಲೆಗಾದರೂ ಕೈಯಲ್ಲಿ ನೋಟು ಇಡುತ್ತಾನೆ. ಸಾಲ ಇರುವ ಮನುಷ್ಯ ಏನು ಮಾಡಬೇಕು? ಆ ರಾತ್ರಿಯೇ ಹಂದಿಗಳು ಗಾಡಿ ಹತ್ತುತ್ತವೆ. ಎರಡು ವಾರದಲ್ಲಿ ಇನ್ನೆರಡು ತಾಲ್ಲೂಕಿನಲ್ಲಿ ಹಂದಿ ಸಾಯಲು ಶುರುವಾಗುತ್ತದೆ. ಅವರನ್ನು ಕಳ್ಳರು ಅಂತ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಹೊತ್ತಿಗೆ ಅವರ ಮುಂದೆ ನಾವು ಇಟ್ಟಿರುವ ದಾರಿಯೇ ಅದು.

ಸರಿಪಡಿಸಲು ಕಾನೂನನ್ನೇ ಬದಲಿಸಬೇಕಿಲ್ಲ. ಫೋನ್ ಮಾಡಿದ ದಿನದ ಹಂದಿ ಎಣಿಕೆಯನ್ನೇ ಪರಿಹಾರದ ಲೆಕ್ಕಕ್ಕೆ ಹಿಡಿಯಬಹುದು. ಆಮೇಲೆ ಸತ್ತರೂ ಹಣ ಸಿಗುತ್ತದೆ ಅಂತ ಗೊತ್ತಾದರೆ ಮುಚ್ಚಿಡಲು ಕಾರಣವೇ ಇರುವುದಿಲ್ಲ. ಮೊದಲ ಕಂತು ಜಿಲ್ಲಾ ಮಟ್ಟದಲ್ಲೇ ಕೂಡಲೇ ಸಿಗಬೇಕು. ಬೀದಿ ಹಂದಿ ಸಾಕುವವರಿಗೂ, ದಾಖಲೆ ಇಲ್ಲದಿದ್ದರೂ, ಸಿಗಬೇಕು. ಅದಕ್ಕೆ ರೋಗ ಬರುವ ಮೊದಲೇ ಯಾರ ಹತ್ತಿರ ಎಷ್ಟು ಹಂದಿ ಇದೆ ಅಂತ ಒಂದು ಪಟ್ಟಿ ಆಗಬೇಕು. ಆ ಪಟ್ಟಿ ತಮ್ಮನ್ನು ಓಡಿಸಲು ಅಲ್ಲ ಅಂತ ಅವರಿಗೆ ನಂಬಿಕೆ ಬರಬೇಕು. ಆ ನಂಬಿಕೆ ಹುಟ್ಟಿಸಲು ಬೇಕಾಗುವ ಮನುಷ್ಯರು ನಮ್ಮಲ್ಲಿದ್ದಾರೆ. ರಾತ್ರಿ ಎರಡು ಗಂಟೆಗೆ ಕರು ಎಳೆಯಲು ಹೋಗುವ ಪಶುವೈದ್ಯರು, ಲಸಿಕೆ ಪೆಟ್ಟಿಗೆ ಹೊತ್ತು ಕೇರಿ ಕೇರಿ ಸುತ್ತುವ ಪರಿವೀಕ್ಷಕರು. 1962ಕ್ಕೆ ಕರೆ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ ಅಂತ ದನ ಸಾಕುವವರಿಗೆ ಗೊತ್ತು. ಹಂದಿ ಸಾಕುವವರಲ್ಲಿ ಎಷ್ಟು ಜನ ಆ ನಂಬರಿಗೆ ಕರೆ ಮಾಡುವ ಧೈರ್ಯ ಮಾಡುತ್ತಾರೆ?

ಕಾಡಿನ ಅಂಚು, ಲಸಿಕೆಯ ಆಸೆ

ಕಾಡುಹಂದಿಯ ವಿಷಯ ಒಂದೆರಡು ಮಾತು. ನಮ್ಮ ಕಾಡುಹಂದಿಯೂ ಸಾಕು ಹಂದಿಯೂ ಒಂದೇ ಜಾತಿಯ ಪ್ರಾಣಿ. ಆಫ್ರಿಕಾದ ಕಾಡುಹಂದಿಗಿರುವ ಸಹಿಸುವ ಶಕ್ತಿ ಇವಕ್ಕಿಲ್ಲ, ಸಾಯುತ್ತವೆ. ಚಿತ್ರದುರ್ಗದ ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗ ಕಡೆಯ ಮೆಕ್ಕೆಜೋಳದ ಹೊಲಗಳಿಗೆ ಕಾಡುಹಂದಿ ನುಗ್ಗುವುದು ರೈತರಿಗೆ ದಿನದ ಗೋಳು. ಕಾಡುಹಂದಿ ಸತ್ತರೆ ಪೀಡೆ ಹೋಯಿತು ಅಂತ ಅನ್ನಿಸುವುದು ಸಹಜ. ಆದರೆ ರೋಗ ಕಾಡಿಗೆ ಇಳಿದರೆ ಎಳೆದು ತೆಗೆಯುವುದು ಬಹಳ ಕಷ್ಟ. ಯುರೋಪಿನ ದೇಶಗಳು ಇವತ್ತಿಗೂ ಅದಕ್ಕೆ ಬೇಲಿ ಹಾಕುತ್ತಾ ಕೂತಿವೆ. ಸತ್ತ ಸಾಕು ಹಂದಿಯನ್ನು ಕಾಡಂಚಿಗೋ ಭದ್ರಾ ನಾಲೆಗೋ ಎಸೆಯುವ ಅಭ್ಯಾಸ ಎಲ್ಲಿದ್ದರೂ ಇವತ್ತೇ ನಿಲ್ಲಬೇಕು. ಆಳದ ಗುಂಡಿ, ಮೇಲೆ ಕೆಳಗೆ ಸುಣ್ಣ, ನಾಯಿ ಬಗೆಯದಷ್ಟು ಮಣ್ಣು.

ಲಸಿಕೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ವಿಯೆಟ್ನಾಂ ದೇಶ 2023ರಲ್ಲಿ ತನ್ನದೇ ಲಸಿಕೆಗಳನ್ನು ವ್ಯಾಪಾರಕ್ಕೆ ಬಿಟ್ಟಿತು. ಅವು ಬಲ ಕುಗ್ಗಿಸಿದ ಜೀವಂತ ವೈರಸ್‌ನ ಲಸಿಕೆಗಳು. ಅಂಥದ್ದರಲ್ಲಿ ಇರುವ ಭಯ ಒಂದೇ. ಆ ವೈರಸ್ ಹಂದಿಯಿಂದ ಹಂದಿಗೆ ದಾಟಿ ಮತ್ತೆ ಬಲ ಪಡೆದರೆ, ಇಲ್ಲವೇ ಹೊರಗಿನ ವೈರಸ್ ಜೊತೆ ಬೆರೆತರೆ? 150ಕ್ಕೂ ಜಾಸ್ತಿ ಜೀನ್‌ಗಳಿರುವ ದೊಡ್ಡ ವೈರಸ್ ಇದು. ರೋಗನಿರೋಧಕ ಶಕ್ತಿಯ ಕಣ್ಣಿಗೆ ಮಣ್ಣೆರಚುವ ದಾರಿಗಳು ಅದಕ್ಕೆ ಬೇಕಾದಷ್ಟಿವೆ. ಹಾಗಾಗಿ 'ಆಫ್ರಿಕನ್ ಜ್ವರದ ಲಸಿಕೆ ತರಿಸಿಕೊಡುತ್ತೇವೆ' ಅಂತ ಯಾರಾದರೂ ಬಾಟಲಿ ಹಿಡಿದು ಬಂದರೆ ದಯವಿಟ್ಟು ಹಾಕಿಸಬೇಡಿ. ರೋಗವನ್ನೇ ದುಡ್ಡು ಕೊಟ್ಟು ತಂದ ಹಾಗೆ ಆಗಬಹುದು.

ಮೊನ್ನೆ ಅದೇ ದೊಡ್ಡಿಗೆ ಮತ್ತೆ ಹೋಗಿದ್ದೆ. ಒಂಬತ್ತು ಮರಿಗಳಲ್ಲಿ ಏಳು ಬೆಳೆದು ಮಾರಾಟವಾಗಿದ್ದವು. ತಾಯಿ ಮತ್ತೆ ಗಬ್ಬ. ಚಪ್ಪರದ ಪಕ್ಕ ಹಳೆಯ ಟಾರ್ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ಮೂರು ಕಲ್ಲಿನ ಮೇಲೆ ಇಟ್ಟಿದ್ದರು. ಮುಸುರೆ ಗುಳುಗುಳು ಕುದಿಯುತ್ತಿತ್ತು. ದೊಡ್ಡಿಯವರ ಹೆಂಡತಿ ಉದ್ದನೆಯ ಬಿದಿರಿನಿಂದ ತಳ ಹಿಡಿಯದಂತೆ ಕದಡುತ್ತಿದ್ದರು. ಒಲೆಗೆ ಮೆಕ್ಕೆಜೋಳದ ಬೆಂಡು. ಸುಗ್ಗಿ ಕಾಲದಲ್ಲಿ ಅದು ಪುಕ್ಕಟೆ ಸಿಗುತ್ತದೆ, ಬೇಸಿಗೆಗೆ ಮುಗಿದುಹೋಗುತ್ತದೆ. ಆಮೇಲೆ ಸೌದೆ ಕೊಳ್ಳಬೇಕು. ದಿನಕ್ಕೆ ಒಂದು ಗಂಟೆ ಉರಿಯಾದರೆ ತಿಂಗಳಿಗೆ ಎಷ್ಟು ಸೌದೆ ಅಂತ ಅವರು ಆಗಲೇ ಬೆರಳಿನಲ್ಲಿ ಎಣಿಸಿ ಇಟ್ಟುಕೊಂಡಿದ್ದರು. ಹೋಟೆಲಿನವರು ಕಸದ ಗಾಡಿಗೆ ದುಡ್ಡು ಕೊಡುತ್ತಾರಲ್ಲ, ಹಸಿ ಕಸ ಹೊತ್ತೊಯ್ಯುವ ನಮಗೆ ಬೇಸಿಗೆಯ ಮೂರು ತಿಂಗಳ ಸೌದೆಯನ್ನಾದರೂ ಯಾಕೆ ಕೊಡಬಾರದು ಅಂತ ಕೇಳಿದರು.